ಕುಟ್ಟಿದ ಬಾಟಲಿಯಲ್ಲಿ ಎಷ್ಟು ಮಂಜುಗಡ್ಡೆ?

ವಿಜ್ಞಾನದ ಚಮತ್ಕಾರವೆಂಬ ಹಣೆಪಟ್ಟಿ ಹೊತ್ತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ವಿಡಿಯೊಗಳ ಸಾಚಾತನವನ್ನು ಪರೀಕ್ಷಿಸಲು ಹೊರಟವರು ಸಾಮಾನ್ಯವಾಗಿ ಸಂಕಲನಕಾರನ ಕತ್ತರಿ ಎಲ್ಲಿ ಆಡಿದೆ, ನೆರಳು ಸರಿಯಾದ ಕಡೆಗೆ ಬಿದ್ದಿದೆಯೇ ಎಂದು ಹುಡುಕುತ್ತಾರೆ. ಆದರೆ ಕತ್ತರಿಯ ಗುರುತನ್ನು ಅಳಿಸುವುದು ಈಗ ದೊಡ್ಡ ಕೆಲಸವಲ್ಲವಾದ್ದರಿಂದ, ದೃಶ್ಯದಲ್ಲಿ ಶಕ್ತಿಯ ಜಮಾಖರ್ಚು ತಾಳೆಯಾಗುತ್ತದೆಯೇ ಎಂದು ನೋಡುವುದೇ ಹೆಚ್ಚು ನಂಬಬಹುದಾದ ದಾರಿ.

ಫ್ರೀಜರಿನಿಂದ ತೆಗೆದ ನೀರಿನ ಬಾಟಲಿಯನ್ನು ಮೇಜಿಗೆ ಕುಟ್ಟಿದೊಡನೆ ಒಳಗಿನ ನೀರು ಹೆಪ್ಪುಗಟ್ಟುವ ಪ್ರಯೋಗವನ್ನೇ ತೆಗೆದುಕೊಳ್ಳಬಹುದು. ಪ್ರಯೋಗವೇನೋ ನಿಜ. ಹರಳು ಕಟ್ಟಲು ಆಸರೆಯಾಗುವ ಧೂಳಿನ ಕಣವಾಗಲಿ ಗೀರಾಗಲಿ ಇಲ್ಲದಿದ್ದರೆ, ಶುದ್ಧ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲೂ ದ್ರವವಾಗಿಯೇ ಉಳಿಯಬಲ್ಲದು. ಈ ಸ್ಥಿತಿಗೆ ಅತಿಶೀತಲೀಕರಣ ಎಂದು ಹೆಸರು. ಹೊಡೆತಕ್ಕೆ ಒಂದು ಕಡೆ ಹರಳು ಹುಟ್ಟಿದರೆ ಸಾಕು, ಅದು ಕ್ಷಣಗಳಲ್ಲಿ ಬಾಟಲಿಯ ತುಂಬ ಹಬ್ಬುತ್ತದೆ. ಆದರೆ ನೀರು ಹೆಪ್ಪುಗಟ್ಟುವಾಗ ಪ್ರತಿ ಗ್ರಾಂಗೆ ಸುಮಾರು 80 ಕ್ಯಾಲೊರಿ ಶಾಖವನ್ನು ಹೊರಗೆಡಹುತ್ತದೆ. ಗುಪ್ತೋಷ್ಣ ಎನ್ನಲಾಗುವ ಈ ಶಾಖ ಉಳಿದ ನೀರನ್ನು ಬೆಚ್ಚಗಾಗಿಸುತ್ತದೆ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕ್ಯಾಲೊರಿ ಸಾಕಾಗುವುದರಿಂದ, ಸೊನ್ನೆಗಿಂತ 8 ಡಿಗ್ರಿ ಕೆಳಗಿರುವ ನೀರಿನಲ್ಲಿ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಗಡ್ಡೆಯಾಗುವಷ್ಟರಲ್ಲಿ ಇಡೀ ಬಾಟಲಿ ಸೊನ್ನೆಗೆ ಏರಿ, ಹೆಪ್ಪುಗಟ್ಟುವಿಕೆ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ನಿಜವಾದ ಬಾಟಲಿಯಲ್ಲಿ ಕಾಣುವುದು ಸೂಜಿಯಂಥ ಹರಳುಗಳ ಬೆಳ್ಳನೆಯ ಜಾಲ. ಹಿಸುಕಿದರೆ ಅದರ ಸಂದಿಗಳಿಂದ ನೀರು ಜಿನುಗುತ್ತದೆ. ಕುಟ್ಟಿದ ಮರುಕ್ಷಣವೇ ಬಾಟಲಿ ಕೊಯ್ದು ಕಲ್ಲಿನಂಥ ಗಡ್ಡೆಯನ್ನು ಹೊರತೆಗೆದು ತೋರಿಸುವವನು ನಡುವೆ ಬಾಟಲಿ ಬದಲಿಸಿದ್ದಾನೆ ಎಂದೇ ತಿಳಿಯಬೇಕು.

ಇದಕ್ಕಿಂತ ಜಾಣತನದ ಮೋಸವೊಂದುಂಟು, ಅದರಲ್ಲಿ ಕತ್ತರಿಯ ಹಂಗೇ ಇಲ್ಲ. ಬೆರಳು ತಾಗಿದೊಡನೆ 'ನೀರು' ಗಟ್ಟಿಯಾಗುವ, ಸುರಿದಂತೆಲ್ಲ ಗೋಪುರವಾಗಿ ಮೇಲೇಳುವ ದೃಶ್ಯಗಳಲ್ಲಿ ಬಳಕೆಯಾಗುವುದು ಬಹುಮಟ್ಟಿಗೆ ಸೋಡಿಯಂ ಅಸಿಟೇಟ್ ದ್ರಾವಣ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ, ಕಾಯಿಸಿ ಬತ್ತಿಸಿದರೆ ಮನೆಯಲ್ಲಿಯೇ ಇದು ಸಿದ್ಧವಾಗುತ್ತದೆ. ಇದರ ಹರಳು ಕರಗುವುದು ಸುಮಾರು 58 ಡಿಗ್ರಿಯಲ್ಲಿ. ಕೋಣೆಯ ಉಷ್ಣತೆಯಲ್ಲಿ ದ್ರವವಾಗಿ ಉಳಿದಿರುವುದೆಂದರೆ ಅದಾಗಲೇ ಬಹಳ ಕೆಳಗಿಳಿದಿದೆ ಎಂದರ್ಥ, ಆದ್ದರಿಂದಲೇ ಅದು ಗಡುಸಾಗಿ ನಿಲ್ಲುತ್ತದೆ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಕ್ಯಾಮೆರಾಕ್ಕೆ ಮಾತ್ರ ಆ ಬಿಸಿ ತಟ್ಟದು. ಇಲ್ಲಿ ಪ್ರಯೋಗ ಸಾಚಾ, ಸುಳ್ಳಾಗಿರುವುದು ಅಡಿಬರಹ; ವಿಮರ್ಶಕರೂ ಹೆಚ್ಚಾಗಿ ಎಡವುವುದು ಈ ಬಗೆಯಲ್ಲಿಯೇ.

2008ರಲ್ಲಿ ಹಬ್ಬಿದ್ದ, ಮೊಬೈಲುಗಳು ರಿಂಗಣಿಸಿದಾಗ ಅವುಗಳ ನಡುವಿನ ಜೋಳದ ಕಾಳು ಅರಳುವ ದೃಶ್ಯವಾದರೋ ಲೆಕ್ಕದ ಮುಂದೆ ನಿಲ್ಲುವಂಥದ್ದೇ ಅಲ್ಲ. ಕಾಳು ಸಿಡಿಯಲು ಸುಮಾರು 180 ಡಿಗ್ರಿ ಬೇಕು, ಮೈಕ್ರೊವೇವ್ ಒಲೆ ಅದಕ್ಕಾಗಿ ನೂರಾರು ವಾಟ್ ಶಕ್ತಿಯನ್ನು ಲೋಹದ ಪೆಟ್ಟಿಗೆಯೊಳಗೆ ಕೂಡಿಹಾಕುತ್ತದೆ. ಮೊಬೈಲು ಸೂಸುವುದು ಹೆಚ್ಚೆಂದರೆ ಒಂದೆರಡು ವಾಟ್, ಅದೂ ಎಲ್ಲ ದಿಕ್ಕಿಗೆ ಚದುರಿ. ಅದು ಬ್ಲೂಟೂತ್ ಹೆಡ್‌ಸೆಟ್ ಕಂಪನಿಯೊಂದರ ಜಾಹೀರಾತಾಗಿತ್ತು.

ಕಣ್ಣಿಗೆ ಸುಳ್ಳೆನಿಸಿದ್ದೆಲ್ಲ ಸುಳ್ಳಲ್ಲ ಎನ್ನಲು ಬ್ರಿಟನ್ನಿನ ಸ್ಟೀವ್ ಮೋಲ್ಡ್ 2013ರಲ್ಲಿ ಜನಪ್ರಿಯಗೊಳಿಸಿದ ಮಣಿಸರದ ಕಾರಂಜಿ ಇದೆ. ಎತ್ತರದಲ್ಲಿ ಹಿಡಿದ ಪಾತ್ರೆಯಿಂದ ಲೋಹದ ಮಣಿಸರದ ತುದಿಯನ್ನು ಕೆಳಗೆಳೆದು ಬಿಟ್ಟರೆ, ಸರ ಕೆಳಗೆ ಬೀಳುತ್ತಲೇ ಪಾತ್ರೆಯ ಅಂಚಿನಿಂದ ಮೇಲಕ್ಕೆದ್ದು ಗಾಳಿಯಲ್ಲಿ ಕಮಾನು ಕಟ್ಟುತ್ತದೆ. ಕೇಂಬ್ರಿಜ್‌ನ ಜಾನ್ ಬಿಗಿನ್ಸ್ ಮತ್ತು ಮಾರ್ಕ್ ವಾರ್ನರ್ 2014ರಲ್ಲಿ ಕೊಟ್ಟ ವಿವರಣೆಯಂತೆ, ಸರದ ತುಣುಕು ಪುಟ್ಟ ಸಲಾಕೆಯಂತೆ ವರ್ತಿಸುತ್ತದೆ. ಒಂದು ತುದಿ ಮೇಲೆ ಸೆಳೆಯಲ್ಪಟ್ಟಾಗ ಇನ್ನೊಂದು ತುದಿ ಪಾತ್ರೆಯನ್ನು ಕೆಳಕ್ಕೆ ಒತ್ತುತ್ತದೆ, ಪಾತ್ರೆ ತಿರುಗಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಇಲ್ಲಿಯೂ ಜಮಾಖರ್ಚು ಪಕ್ಕಾ: ಕಮಾನಿನ ಎತ್ತರ ಸರ ಬೀಳುವ ಆಳವನ್ನು ಅನುಸರಿಸುತ್ತದೆ, ಪಾತ್ರೆಯನ್ನು ಗಿಡ್ಡ ಸ್ಟೂಲಿನ ಮೇಲಿಟ್ಟರೆ ಅದೇ ಸರ ಅಂಚಿನಿಂದ ಹೆಚ್ಚೇನೂ ಏಳದೆ ಕೆಳಗೆ ಸುರಿದುಹೋಗುತ್ತದೆ.