ಗುಮ್ಮಟದ ಬಿರುಕು: ಭೂಕಂಪಸೀಮೆಯಲ್ಲಿ ಗೋಬರ್ ಗ್ಯಾಸ್

ಸಗಣಿಯಿಂದ ಉರಿವ ಅನಿಲವನ್ನು ಪಡೆಯುವ ವಿದ್ಯೆಯನ್ನು ಗಿರಿಪ್ರಾಂತ್ಯದ ಸಾಮಾನ್ಯ ಒಕ್ಕಲಿನ ಅಡಿಗೆಮನೆಯವರೆಗೂ ಕೊಂಡೊಯ್ದು ಅಲ್ಲಿ ಅದನ್ನು ನೆಲೆಗೊಳಿಸಿದ ದೇಶಗಳಲ್ಲಿ ನೇಪಾಳಕ್ಕೆ ಅಗ್ರಗಣ್ಯವಾದ ಸ್ಥಾನವುಂಟು. 1955ರಲ್ಲಿ ಕಾಠ್ಮಂಡುವಿನ ಸಮೀಪದ ಗೋದಾವರಿಯ ಸೇಂಟ್ ಝೇವಿಯರ್ ಶಾಲೆಯಲ್ಲಿ ಫಾದರ್ ಸೌಬೋಲ್ ಎಂಬ ಪಾದ್ರಿಗಳು ಎಣ್ಣೆಯ ಪೀಪಾಯಿಯಿಂದ ರಚಿಸಿದ ಪ್ರಯೋಗಸಾಧನದಲ್ಲಿ ಮೊಳೆತ ಈ ಕಾರ್ಯವು, 1977ರಲ್ಲಿ ಗೋಬರ್ ಗ್ಯಾಸ್ ಕಂಪನಿಯ ರೂಪವನ್ನು ತಾಳಿ, 1992ರಲ್ಲಿ ನೆದರ್ಲೆಂಡ್ಸಿನ ನೆರವಿನಿಂದ ರಾಷ್ಟ್ರವ್ಯಾಪಿ ಕಾರ್ಯಕ್ರಮವಾಗಿ, ಮುಂದಿನ ಎರಡು ದಶಕಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಮನೆಗಳಿಗೆ ಹಬ್ಬಿತು. ಕಟ್ಟಿದವರು ಕೆಲವು ವರ್ಷಗಳ ಹೊಣೆಯನ್ನು ಹೊರಬೇಕು, ಆಯ್ದ ಸ್ಥಾವರಗಳನ್ನು ಪರೀಕ್ಷಕರು ಹೋಗಿ ನೋಡಬೇಕು, ದೋಷ ಕಂಡರೆ ದಂಡ ವಿಧಿಸಬೇಕು ಎಂಬ ನಿಯಮಗಳೇ ಇದರ ಯಶಸ್ಸಿನ ಮೂಲವೆಂದು ನನ್ನ ಎಣಿಕೆ. ಇಂಥ ಕಾರ್ಯವನ್ನು 2015ರ ಏಪ್ರಿಲ್ 25ರಂದು ಗೋರ್ಖಾ ಜಿಲ್ಲೆಯ ಬಾರ್ಪಾಕಿನಲ್ಲಿ ಕೇಂದ್ರವಿದ್ದ, 7.8 ಪ್ರಮಾಣದ ಭೂಕಂಪವು ಯಾವ ಪ್ರಯೋಗಶಾಲೆಯೂ ಮಾಡದಂಥ ಪರೀಕ್ಷೆಗೆ ಒಡ್ಡಿತು. ಸುಮಾರು ಒಂಬತ್ತು ಸಾವಿರ ಜನ ಮಡಿದರು; ಮಣ್ಣಿನ ಗಾರೆಯಲ್ಲಿ ಕಲ್ಲನ್ನಿಟ್ಟು ಕಟ್ಟಿದ ಲಕ್ಷಾಂತರ ಮನೆಗಳು ನೆಲಸಮವಾದವು.

ಅಲ್ಲಿ ಪ್ರಚಲಿತವಾದ ಸ್ಥಿರಗುಮ್ಮಟದ ಸ್ಥಾವರವು ರಚನೆಯ ದೃಷ್ಟಿಯಿಂದ ನಿಜಕ್ಕೂ ಪ್ರಶಂಸಾರ್ಹವಾದುದು. ನೆಲದೊಳಗೆ ವೃತ್ತಾಕಾರದ ಗೋಡೆಯನ್ನು ಎಬ್ಬಿಸಿ, ಒಳಗೆ ಮಣ್ಣು ತುಂಬಿ, ಅದನ್ನೇ ಅಚ್ಚನ್ನಾಗಿ ಮಾಡಿ ಮೇಲೆ ಕಾಂಕ್ರೀಟು ಹಾಸಿ, ಅದು ಗಟ್ಟಿಯಾದ ಬಳಿಕ ಮಣ್ಣನ್ನು ಅಗೆದು ತೆಗೆಯುತ್ತಾರೆ. ಗುಮ್ಮಟದ ಮೇಲೆ ಮತ್ತೆ ಮಣ್ಣು ಮುಚ್ಚುತ್ತಾರೆ. ಸುತ್ತಲ ನೆಲದೊಡನೆಯೇ ಚಲಿಸುವ ಇಂಥ ಭೂಗತ ರಚನೆಗೆ, ಮೇಲೆ ನಿಂತು ತೂಗಾಡುವ ಮನೆಯ ಗೋಡೆಗಿರುವಷ್ಟು ಅಪಾಯವಿಲ್ಲ. ಆದರೆ ಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಅದು ಸುಣ್ಣ ಬಳಿದು ಮರೆಯಬಹುದಾದ ಸಂಗತಿ. ಗುಮ್ಮಟದಲ್ಲಿ ಅದೇ ಬಿರುಕು ಅನಿಲವನ್ನೆಲ್ಲ ಸದ್ದಿಲ್ಲದೆ ಮಣ್ಣಿಗೆ ಬಿಟ್ಟುಬಿಡುತ್ತದೆ. ಹೊರಗಿನಿಂದ ನೋಡಿದವನಿಗೆ ಸ್ಥಾವರವು ಅಕ್ಷತವಾಗಿಯೇ ತೋರುವುದು, ಒಲೆ ಮಾತ್ರ ಹತ್ತದು. ಆದಕಾರಣ ಭೂಕಂಪದ ತರುವಾಯ ಎಷ್ಟು ಸ್ಥಾವರಗಳು ಉಳಿದವೆಂದು ಕಣ್ಣಳತೆಯಿಂದ ಎಣಿಸುವ ಯಾವ ಲೆಕ್ಕವನ್ನೂ ನಾನು ಪೂರ್ಣವಾಗಿ ನಂಬಲಾರೆ. ಒತ್ತಡಮಾಪಕವನ್ನಿಟ್ಟು ರಾತ್ರಿಯಿಡೀ ಅನಿಲ ನಿಲ್ಲುವುದೇ ಎಂದು ನೋಡಿದವನ ಲೆಕ್ಕವೇ ಲೆಕ್ಕ.

ಸ್ಥಾವರವೆಂದರೆ ಗುಮ್ಮಟವೊಂದೇ ಅಲ್ಲವೆಂಬುದು ಇನ್ನೂ ಗಹನವಾದ ವಿಷಯ. ಆರು ಘನಮೀಟರಿನ ಸ್ಥಾವರಕ್ಕೆ ದಿನವೊಂದಕ್ಕೆ ಮೂವತ್ತಾರು ಕಿಲೋ ಸಗಣಿ ಬೇಕು. ಕಿಲೋ ಒಂದಕ್ಕೆ ನಲವತ್ತು ಲೀಟರಿನಂತೆ ಹೊರಡುವ ಅನಿಲವು, ಗಂಟೆಗೆ ನಾಲ್ಕುನೂರು ಲೀಟರು ಉರಿಸುವ ಒಲೆಗೆ ಸುಮಾರು ಮೂರೂವರೆ ಗಂಟೆಗಳ ಉರಿಯಾಗುತ್ತದೆ. ಕೊಟ್ಟಿಗೆ ಕುಸಿದು ಎಮ್ಮೆಯೂ ಹಸುವೂ ಸತ್ತ ಮನೆಯಲ್ಲಿ ಶೌಚಾಲಯದ ಜೋಡಣೆಯಷ್ಟೇ ಉಳಿದರೆ, ಆಳೊಬ್ಬರಿಗೆ ಮೂವತ್ತು ಲೀಟರಿನ ಆಸುಪಾಸಿನ ಅನಿಲದಲ್ಲಿ ಐದು ಜನರ ಕುಟುಂಬಕ್ಕೆ ಅರ್ಧ ಗಂಟೆಯ ಉರಿಯೂ ದೊರೆಯದು. ಅನಿಲವನ್ನು ಹುಟ್ಟಿಸುವ ಸೂಕ್ಷ್ಮಜೀವಿಗಳು ಕೆಲವು ವಾರಗಳ ಉಪವಾಸವನ್ನು ಸಹಿಸಬಲ್ಲವು, ಸಹಿಸಲಾರದವರು ಮನುಷ್ಯರು. ಅದೇ ವರ್ಷದ ಸೆಪ್ಟೆಂಬರಿನಿಂದ ಭಾರತದ ಗಡಿಯಲ್ಲಿ ಸರಕುಸಾಗಣೆ ತಿಂಗಳುಗಟ್ಟಲೆ ಸ್ತಬ್ಧವಾಗಿ ಸಿಲಿಂಡರುಗಳು ದುರ್ಲಭವಾದಾಗ, ಹಿತ್ತಿಲಲ್ಲಿ ಅನಿಲ ಹುಟ್ಟುತ್ತಿದ್ದ ಮನೆಯ ಬೆಲೆ ಎಷ್ಟೆಂಬುದು ನೆರೆಹೊರೆಗೆಲ್ಲ ತಿಳಿದಿರಬೇಕು.

ಈ ಕ್ಷೇತ್ರದ ಸಂಶೋಧನಾಸಾಹಿತ್ಯದ ವಿಷಯದಲ್ಲಿ ನನಗಿರುವ ಮುಖ್ಯವಾದ ಆಕ್ಷೇಪಣೆಯೂ ಇಲ್ಲಿಯೇ ಹುಟ್ಟುತ್ತದೆ. ಮೀಥೇನಿನ ಪ್ರಮಾಣ, ಚಳಿಯಲ್ಲಿ ಅನಿಲ ಇಳಿಯುವ ಬಗೆ, ಸಗಣಿಯೊಡನೆ ಅಡಿಗೆಮನೆಯ ಎಂಜಲು ಕೂಡಿದಾಗ ಬರುವ ಹೆಚ್ಚಳ ಇವುಗಳ ಮೇಲೆ ಶ್ರದ್ಧಾಪೂರ್ವಕವಾದ ಅಧ್ಯಯನಗಳು ಬೇಕಾದಷ್ಟಿವೆ, ಅವು ಉಪಯುಕ್ತವೂ ಹೌದು. ಆದರೆ ನೆಲ ನಡುಗಿದ ದಿನದಿಂದ ಒಲೆ ಮತ್ತೆ ಹತ್ತಿದ ದಿನದವರೆಗಿನ ಅವಧಿ ಎಷ್ಟು, ಅದು ಯಾವ ಊರಿನಲ್ಲಿ ಹ್ರಸ್ವವಾಯಿತು, ಯಾವ ಊರಿನಲ್ಲಿ ದೀರ್ಘವಾಯಿತು, ಏತಕ್ಕಾಗಿ, ಎಂಬುದನ್ನೇ ಮಾನದಂಡವಾಗಿರಿಸಿಕೊಂಡು ಹೊರಟ ಅಧ್ಯಯನಗಳು ತೀರ ವಿರಳ. ಸಮುದಾಯದ ಚೇತರಿಕೆ ಎಂಬ ಮಾತಿಗೆ ಇದಕ್ಕಿಂತ ಪ್ರತ್ಯಕ್ಷವಾದ ಅಳತೆ ಮತ್ತೊಂದುಂಟೆ?

ಸಮುದಾಯವೆಂದೊಡನೆ ಊರಿಗೊಂದು ದೊಡ್ಡ ಸ್ಥಾವರವನ್ನು ಕಟ್ಟಿಬಿಡುವ ಉತ್ಸಾಹವೂ ಮೂಡುವುದುಂಟು. ನಮ್ಮ ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು, ಎ. ಕೆ. ಎನ್. ರೆಡ್ಡಿಯವರ ಪ್ರೇರಣೆಯಿಂದ ನಡೆಸಿದ ಪ್ರಯೋಗವು ಈ ಪ್ರಸಂಗದಲ್ಲಿ ಸ್ಮರಣೀಯವಾದುದು. ಊರಿನವರೆಲ್ಲರ ಅಡಿಗೆಗೆ ಸಗಣಿ ಸಾಲದೆಂಬುದು ಅನುಭವದಿಂದ ಸ್ಪಷ್ಟವಾದ ಮೇಲೆ, ಆ ಅನಿಲದಿಂದ ಎಂಜಿನನ್ನು ನಡೆಸಿ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸುವ ಮಾರ್ಗವನ್ನು ಹಿಡಿದರು. ಸಗಣಿ ತಂದವರಿಗೆ, ಅನಿಲ ಹೊರಟ ಮೇಲೆ ಉಳಿಯುವ ಬಗ್ಗಡವನ್ನು ಹಿಂದಿರುಗಿಸುವ ಏರ್ಪಾಡನ್ನೂ ಮಾಡಿದರು. ಜನರ ನಿಜವಾದ ಬೇಡಿಕೆಗೆ ಕಿವಿಗೊಟ್ಟು ಉದ್ದೇಶವನ್ನೇ ಬದಲಿಸಿದ ಆ ವಿನಯವನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಆದರೆ ಭೂಕಂಪದ ಸೀಮೆಯಲ್ಲಿ ಊರಿಗೊಂದೇ ಗುಮ್ಮಟವಿದ್ದರೆ ಒಂದೇ ಬಿರುಕು ಇಡೀ ಊರನ್ನು ಕತ್ತಲಿಗೆ ತಳ್ಳೀತು. ಮನೆಗೊಂದರಂತೆ ಚದುರಿರುವ ಐವತ್ತರಲ್ಲಿ ಹತ್ತು ಉಳಿದರೂ ಉಳಿದವರ ಒಲೆಯಲ್ಲಿ ನೆರೆಯವರ ಗಂಜಿ ಬೇಯುವುದು. ಆದುದರಿಂದ ಅಂಥ ಸೀಮೆಯಲ್ಲಿ ಸ್ಥಾವರಗಳು ಮನೆಮನೆಯದಾಗಿರಲಿ, ದುರಸ್ತಿಯು ಮಾತ್ರ ಊರಿನದಾಗಲಿ ಎಂದು ನನ್ನ ಅಭಿಪ್ರಾಯ.

ಗುಮ್ಮಟದ ಒಳಮೈಗೆ ಬಳಿಯುವ ಬಣ್ಣ, ನಾಲ್ಕು ಚೀಲ ಸಿಮೆಂಟು, ಕೊಳವೆ, ಕವಾಟ ಇವಿಷ್ಟು ಊರಿನಲ್ಲೇ ದಾಸ್ತಾನಿರುವುದು ದುಸ್ಸಾಧ್ಯವಲ್ಲ. ದುರ್ಲಭನಾದವನು ಗಾರೆಯ ಕೆಲಸದವನು. ನೇಪಾಳದ ಬೆಟ್ಟಗಳ ಯುವಕರು ಕೊಲ್ಲಿಯ ದೇಶಗಳಿಗೂ ಮಲೇಷ್ಯಾಕ್ಕೂ ದುಡಿಯಲು ಹೋಗಿದ್ದಾರೆ. ಗುಮ್ಮಟದೊಳಗಿಳಿದು ಬಿರುಕನ್ನು ಗುರುತಿಸಬಲ್ಲ ಕೈ ಊರಿನಲ್ಲಿರುವುದು ಅಪರೂಪ. ಮನೆಗಳ ಪುನರ್ನಿರ್ಮಾಣಕ್ಕಾಗಿ ಹೆಂಗಸರೂ ಸೇರಿದಂತೆ ಸಹಸ್ರಾರು ಮಂದಿಗೆ ಅಲ್ಲಿ ಗಾರೆಯ ಕೆಲಸದ ಶಿಕ್ಷಣವನ್ನು ಕೊಟ್ಟರು. ಮೂಲೆಗಲ್ಲನ್ನೂ ಅಡ್ಡಪಟ್ಟಿಯನ್ನೂ ಕಲಿಸುವಂಥ ಆ ಪಾಠಕ್ರಮದಲ್ಲಿ, ಸ್ಥಾವರದ ಬಗ್ಗಡವನ್ನು ಬರಿದುಮಾಡಿ, ಗಾಳಿಯಾಡಿಸಿ, ವಿಷವಾಯು ತೊಲಗಿದ ಬಳಿಕ ಒಳಗಿಳಿದು ಗುಮ್ಮಟಕ್ಕೆ ಮರುಲೇಪ ಕೊಡುವ ವಿದ್ಯೆಗೂ ಎರಡು ದಿನಗಳನ್ನು ಮೀಸಲಿಡಬೇಕು; ಆ ವಿದ್ಯೆಯನ್ನು ಮೊದಲು ಕಲಿಸಬೇಕಾದುದು ಊರನ್ನು ಬಿಟ್ಟುಹೋಗದೆ ದಿನವೂ ಸ್ಥಾವರಕ್ಕೆ ಸಗಣಿ ಕಲಸಿ ಸುರಿಯುತ್ತಿರುವ ಹೆಂಗಸರಿಗೆ.