ಸ್ಕೂಟರ್ ಸೀಟಿನ ಮೇಲಿನ ಮಳೆ

ಮುಂಬಯಿಯಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ಮಳೆ ಬೀಳುತ್ತದೆ. ಸಮುದ್ರದ ಕಡೆಯಿಂದ ಬರುವ ಮಳೆ ಅಲ್ಲ ಅದು. ಠಾಣೆಯ ಗುಡ್ಡಗಳಾಚೆ ಸಂಜೆ ಕಪ್ಪುಗಟ್ಟಿ, ನಾಲ್ಕು ಸಲ ಗುಡುಗಿ, ಚೆಂಬೂರಿನ ನಮ್ಮ ಕಟ್ಟಡದ ಮೇಲೆ ಅರ್ಧ ಗಂಟೆ ಸುರಿದು ಹೋಗುತ್ತದೆ. ಬೇರೆಯವರ ಮನೆಯಲ್ಲಿ ಬಜ್ಜಿಗೆ ಎಣ್ಣೆ ಕಾಯುವ ಹೊತ್ತಿಗೆ ನಾನು ಟಿಶ್ಯೂ ಪೇಪರಿನ ಕಟ್ಟು ಹಿಡಿದು ಕೆಳಗೆ ಓಡುತ್ತೇನೆ. ಪಾರ್ಕಿಂಗಿನಲ್ಲಿ ನೆನೆಯುತ್ತ ನಿಂತ ನನ್ನ ಸ್ಕೂಟರಿನ ಸೀಟು ಒರೆಸಿ, ಮುಂದಿನ ಮಡ್‌ಗಾರ್ಡ್ ಒರೆಸಿ, ಒದ್ದೆ ಕಾಗದವನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಮತ್ತೆ ಮೇಲಕ್ಕೆ ಓಟ. ಮೊದಲ ವರ್ಷ ವಾಚ್‌ಮನ್ ಕೇಳಿದ್ದ: "ಸಾಬ್, ಬಾರಿಶ್ ಮೇಂ ಗಾಡಿ ಪೋಂಛ್ ರಹೇ ಹೋ?" ಎರಡನೇ ವರ್ಷ ಕೇಳುವುದನ್ನು ಬಿಟ್ಟ.

ಓಡಬೇಕಾದದ್ದು ಯಾಕೆಂದರೆ, ಚೀಲದಲ್ಲಿರುವ ಸರಕು ಲಿಫ್ಟಿಗೆ ಕಾಯುವುದಿಲ್ಲ. ನೆಲದೊಳಗಿನ ಯುರೇನಿಯಂನ ವಂಶದಲ್ಲಿ ಹುಟ್ಟುವ ರೇಡಾನ್ ಅನಿಲ ಗಾಳಿಗೆ ಸೇರುತ್ತದೆ. ಅದರ ಮಕ್ಕಳಾದ ಸೀಸ-214 ಮತ್ತು ಬಿಸ್ಮತ್-214 ಗಾಳಿಯ ಧೂಳಿಗೆ ಅಂಟಿಕೊಂಡು ಮಳೆಯ ಜೊತೆ ಕೆಳಗಿಳಿಯುತ್ತವೆ. ಸೀಸದ ಅರ್ಧಾಯುಷ್ಯ ಸುಮಾರು 27 ನಿಮಿಷ, ಬಿಸ್ಮತ್‌ದು 20. ಚೀಲವನ್ನು ವಿಕಿರಣ ಗುರುತಿಸುವ ಹರಳಿನ ಮೇಲಿಟ್ಟು ಹತ್ತು ನಿಮಿಷ ಕಾದರೆ ಲ್ಯಾಪ್‌ಟಾಪಿನ ಪರದೆಯಲ್ಲಿ 352 ಕೆಇವಿ (ಕಿರಣದ ಶಕ್ತಿಯ ಅಳತೆ) ಹತ್ತಿರ ಒಂದು ದಿಬ್ಬ, 609ರಲ್ಲಿ ಇನ್ನೊಂದು. ಒಂದೂವರೆ ಗಂಟೆ ಬಿಟ್ಟು ನೋಡಿದರೆ ಎಂಟರಲ್ಲೊಂದು ಪಾಲು ಉಳಿದಿರುತ್ತದೆ. ರಾತ್ರಿ ಊಟದ ಹೊತ್ತಿಗೆ ಅದು ಬರೀ ಒದ್ದೆ ಕಾಗದ.

ಗೈಗರ್ ಕೌಂಟರ್ ಇಟ್ಟುಕೊಂಡವರು ಇದೇ ಮಳೆಗೆ "ಟಿಕ್ ಟಿಕ್ ಜಾಸ್ತಿಯಾಯ್ತು" ಎಂದಾರು. ಬಾಗಿಲು ಬಡಿದದ್ದು ಕೇಳಿಸಿತು, ಬಂದವರು ಯಾರೆಂದು ಗೊತ್ತಾಗಲಿಲ್ಲ. ಬಂದವರ ಹೆಸರು ಹೇಳುವುದು ಈ ವಾರದ ನಮ್ಮ ಕಥಾನಾಯಕ, ಮಲ್ಟಿಚಾನೆಲ್ ಅನಲೈಸರ್. ಬಳಸುವವರ ಬಾಯಲ್ಲಿ ಎಮ್‌ಸಿಎ.

ಕೆಲಸ ಏನೆಂದು ಹೇಳಲು ನನಗೆ ಅಡಿಕೆ ಮಂಡಿಗಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಮೂಟೆ ಬಿಚ್ಚಿ ಸುರಿದ ಅಡಿಕೆಯನ್ನು ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆ ಬೇರೆ ಬುಟ್ಟಿಗೆ ಹಾಕುತ್ತಾರಲ್ಲ, ಹಾಗೆ. ಗಾಮಾ ಕಿರಣವೊಂದು ಸೋಡಿಯಂ ಅಯೊಡೈಡ್ ಹರಳಿಗೆ ಬಡಿದರೆ ಅದರೊಳಗೆ ಒಂದು ಮಿಣುಕು. ಕಿರಣದ ಶಕ್ತಿ ಹೆಚ್ಚಿದಷ್ಟೂ ಮಿಣುಕು ದೊಡ್ಡದು. ಹರಳಿಗಂಟಿದ ಫೋಟೋಮಲ್ಟಿಪ್ಲಯರ್ ಕೊಳವೆ ಅದನ್ನು ವಿದ್ಯುತ್ತಿನ ಒಂದು ಮಿಡಿತವಾಗಿ ಹಿಗ್ಗಿಸುತ್ತದೆ. ಎಮ್‌ಸಿಎ ಮಿಡಿತದ ಎತ್ತರ ಅಳೆದು 1024 ಬುಟ್ಟಿಗಳಲ್ಲಿ ಸರಿಯಾದ ಒಂದಕ್ಕೆ ಹಾಕುತ್ತದೆ. ಸೆಕೆಂಡಿಗೆ ನೂರಾರು, ಬೇಕಾದರೆ ಸಾವಿರಾರು.

ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೊಡೈಡ್ ಹೀಗೆ ಮಿನುಗುತ್ತದೆಂದು 1948ರಲ್ಲಿ ತೋರಿಸಿದವರು ಅಮೆರಿಕದ ರಾಬರ್ಟ್ ಹಾಫ್‌ಸ್ಟಾಟರ್. ಎರಡೇ ವರ್ಷಕ್ಕೆ, 1950ರಲ್ಲಿ, ಇಂಗ್ಲೆಂಡಿನ ಡೆನಿಸ್ ವಿಲ್ಕಿನ್ಸನ್ ತೊಂಬತ್ತೊಂಬತ್ತು ಬುಟ್ಟಿಗಳ ಯಂತ್ರವೊಂದನ್ನು ವಿವರಿಸಿ ಪ್ರಬಂಧ ಬರೆದರು. ನೂರಲ್ಲ, ತೊಂಬತ್ತೊಂಬತ್ತು! ಅವರ ಉಪಾಯ ಇಂದಿಗೂ ನನಗೆ ಖುಷಿ ಕೊಡುತ್ತದೆ. ಬಕೆಟ್ಟಿನಲ್ಲಿ ಎಷ್ಟು ನೀರಿದೆ ಎಂದು ತಿಳಿಯಬೇಕು, ಅಳತೆಪಾತ್ರೆ ಇಲ್ಲ. ತಳದ ನಲ್ಲಿಯನ್ನು ಒಂದೇ ಸಮನೆ ಬಿಟ್ಟು, ಖಾಲಿಯಾಗುವವರೆಗೆ ಗಡಿಯಾರದ ಟಿಕ್‌ಗಳನ್ನು ಎಣಿಸಿದರೆ ಸಾಕು. ಬಕೆಟ್ಟಿನ ಜಾಗದಲ್ಲಿ ಕೆಪಾಸಿಟರ್, ನೀರಿನ ಜಾಗದಲ್ಲಿ ಮಿಡಿತ ತಂದ ಚಾರ್ಜು.

ನಮ್ಮ ನೆರೆಯ ಟ್ರಾಂಬೆಯ ಅಣುಸಂಶೋಧನಾ ಕೇಂದ್ರದಂಥ ಪ್ರಯೋಗಾಲಯಗಳಲ್ಲಿ ಬಹಳ ಕಾಲ ಈ ಕೆಲಸಕ್ಕೆ ಒಂದು ಮೇಜು ಪೂರ್ತಿ ಬೇಕಿತ್ತು. ಹೈ ವೋಲ್ಟೇಜಿಗೊಂದು ಪೆಟ್ಟಿಗೆ, ಆಂಪ್ಲಿಫಯರಿಗೊಂದು, ಅನಲೈಸರಿಗೊಂದು, ಎಲ್ಲವನ್ನೂ ಹಿಡಿದಿಡುವ ಕಬ್ಬಿಣದ ರ‍್ಯಾಕು. ಆಮದಿಗೆ ಕಾಯುತ್ತ ಕೂರಲಾರದೆ ಟ್ರಾಂಬೆಯವರು ಇಂಥ ಉಪಕರಣಗಳನ್ನು ತಾವೇ ಕಟ್ಟತೊಡಗಿದ್ದರು. ಅಲ್ಲಿನ ಎಲೆಕ್ಟ್ರಾನಿಕ್ಸ್ ವಿಭಾಗವೇ ಬೆಳೆದು 1967ರಲ್ಲಿ ಹೈದರಾಬಾದಿನ ಇಸಿಐಎಲ್ ಕಂಪನಿ ಆಯಿತು.

ಈಗ ಆ ಮೇಜು ಪೂರ್ತಿ ಒಂದು ಚಟ್ನಿ ಡಬ್ಬಿಯೊಳಗೆ ಕೂತಿದೆ. ಕೊಳವೆಯ ಹಿಂಬದಿಯ ಹದಿನಾಲ್ಕು ಪಿನ್ನಿಗೆ ಡಬ್ಬಿ ಸಿಕ್ಕಿಸಿ, ಯುಎಸ್‌ಬಿ ವೈರು ಎಳೆದರೆ ಮುಗಿಯಿತು. ಲ್ಯಾಪ್‌ಟಾಪಿನ ಐದು ವೋಲ್ಟನ್ನೇ ಒಳಗೆ ಎಂಟುನೂರು, ಸಾವಿರಕ್ಕೆ ಏರಿಸಿಕೊಳ್ಳುತ್ತದೆ. ನಲ್ಲಿ ಬಿಟ್ಟು ಎಣಿಸುವ ವಿಲ್ಕಿನ್ಸನ್ ಉಪಾಯವೂ ಹೋಯಿತು. ನೀರು ಬೀಳುತ್ತಿರುವಾಗಲೇ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಟ್ಟ ನೋಡಿ, ಉಳಿದದ್ದನ್ನು ಚಿಪ್ಪಿನಲ್ಲಿ ಲೆಕ್ಕ ಹಾಕುವುದು ಈಗಿನ ಪದ್ಧತಿ. ಎರಡು ಮಿಡಿತ ಒಂದರ ಮೇಲೊಂದು ಬಿದ್ದರೆ ಎರಡನ್ನೂ ಎಸೆಯುವ ವಿವೇಕವೂ ಅದಕ್ಕಿದೆ. ಇನ್ನೂ ಚಿಕ್ಕದು ಬೇಕೆಂದರೆ ಕೊಳವೆಯ ಬದಲು ಸಿಲಿಕಾನ್ ಚಿಪ್ಪು, ಒಂದು ಸೆಂಟಿಮೀಟರಿನ ಸೀಸಿಯಂ ಅಯೊಡೈಡ್ ಹರಳು ಇರುವಂಥವು ಬಂದಿವೆ. ರೇಡಿಯಾಕೋಡ್‌ನಂಥದ್ದು ಅಂಗಿಯ ಜೇಬಿಗೆ ಸಾಕು. ಜೇಬಿನದ್ದು ಒಳ್ಳೆಯದೇ, ಆದರೆ ಒಂದು ಘನ ಸೆಂಟಿಮೀಟರ್ ಹರಳಿಗೆ ತಾಳ್ಮೆ ಜಾಸ್ತಿ ಬೇಕು. ಎರಡು ಇಂಚಿನ ಹರಳು ಹತ್ತು ನಿಮಿಷದಲ್ಲಿ ಹೇಳುವುದನ್ನು ಅದು ರಾತ್ರಿಯಿಡೀ ಯೋಚಿಸಿ ಹೇಳುತ್ತದೆ.

ಇನ್ನು ಕೊಳ್ಳುವ ಮಾತು. ಜಾಹೀರಾತಿನಲ್ಲಿ 8192 ಚಾನೆಲ್, 16384 ಚಾನೆಲ್ ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. ಮರುಳಾಗಬೇಡಿ. ಒಳ್ಳೆಯ ಸೋಡಿಯಂ ಅಯೊಡೈಡ್ ಹರಳಿನಲ್ಲೂ ಸೀಸಿಯಂ-137ರ 662 ಕೆಇವಿ ದಿಬ್ಬದ, ಅಂದರೆ ಪೀಕಿನ, ಅಗಲ ನೂರಕ್ಕೆ ಏಳರಷ್ಟು, ಅಂದರೆ 46 ಕೆಇವಿ. ಮೂರು ಸಾವಿರ ಕೆಇವಿಯನ್ನು 1024 ಬುಟ್ಟಿಗೆ ಹಂಚಿದರೆ ಬುಟ್ಟಿಗೆ ಮೂರು. ಒಂದು ಪೀಕಿಗೆ ಹದಿನೈದು ಬುಟ್ಟಿ. ಧಾರಾಳವಾಯಿತು. ಹದಿನಾರು ಸಾವಿರ ಚಾನೆಲ್ ಜರ್ಮೇನಿಯಂ ಡಿಟೆಕ್ಟರಿನವರಿಗೆ ಇರಲಿ. ನಮಗದು ಮಸುಕು ಫೋಟೋವನ್ನು ದೊಡ್ಡ ಕಾಗದದಲ್ಲಿ ಪ್ರಿಂಟ್ ಹಾಕಿಸಿದ ಹಾಗೆ.

ಮುಂಬಯಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಪೀಕು ಕೂತಲ್ಲಿ ಕೂರುತ್ತದೆಯೇ? ಸೆಖೆ ಏರಿದಂತೆ ಹರಳಿನ ಬೆಳಕು, ಕೊಳವೆಯ ಹಿಗ್ಗಿಸುವಿಕೆ ಎರಡೂ ಜಾರುತ್ತವೆ. ಡಿಗ್ರಿಗೆ 0.3% ಎಂದೇ ಇಟ್ಟುಕೊಳ್ಳಿ. ಎಸಿ ಕೋಣೆಯ 24ರಿಂದ ಬಾಲ್ಕನಿಯ 34ಕ್ಕೆ ತಂದರೆ 3%. 1461ರಲ್ಲಿ ಇರಬೇಕಾದ ಪೊಟ್ಯಾಸಿಯಂ 44 ಕೆಇವಿ ಕೆಳಗೆ ನಿಂತಿರುತ್ತದೆ. ರಾತ್ರಿಯಿಡೀ ಓಡಿಸಿದರೆ ಬೆಳಿಗ್ಗೆಗೆ ಪೀಕು ಹಿಟ್ಟಿನ ಹಾಗೆ ಹರಡಿಕೊಂಡಿರುತ್ತದೆ. ಒಳ್ಳೆಯ ಡಬ್ಬಿ ಪರಿಚಿತ ಪೀಕೊಂದನ್ನು ಗೂಟ ಮಾಡಿಕೊಂಡು ತನ್ನ ಗೇನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ನನ್ನ ಗೂಟ ನರ್ಸರಿಯಿಂದ ತಂದ ಒಂದು ಕಿಲೋ ಕೆಂಪು ಪೊಟ್ಯಾಷ್ ಗೊಬ್ಬರ. ಅದರಲ್ಲಿನ ಪೊಟ್ಯಾಸಿಯಂ-40 ನೂರಿಪ್ಪತ್ತೈದು ಕೋಟಿ ವರ್ಷದ ಅರ್ಧಾಯುಷ್ಯದ್ದು. ನನ್ನ ಕಾಲಕ್ಕಂತೂ ಸವೆಯುವುದಿಲ್ಲ. 662 ಹುಟ್ಟಿಸುವ ಸೀಸಿಯಂ-137 ಪ್ರಯೋಗಾಲಯದಲ್ಲಿ ಇರತಕ್ಕದ್ದು, ಹವ್ಯಾಸಿಯ ಕಪಾಟಿನಲ್ಲಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿಯ ಕಚೇರಿ ನಮ್ಮ ಮನೆಯಿಂದ ರಿಕ್ಷಾ ದೂರದಲ್ಲಿದೆ ಎಂಬ ಹೆದರಿಕೆಯಿಂದ ಹೇಳುತ್ತಿಲ್ಲ.

ತೇವದ ಪಾಠ ಕಲಿತದ್ದು ದುಡ್ಡು ಕೊಟ್ಟು. ಸೋಡಿಯಂ ಅಯೊಡೈಡ್ ಉಪ್ಪಿನ ಜಾತಿಯದು, ಗಾಳಿ ತಾಗಿದರೆ ನೀರು ಹೀರುತ್ತದೆ. ಅದಕ್ಕೇ ಅಲ್ಯೂಮಿನಿಯಂ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿರುತ್ತಾರೆ. ನಾನೊಂದು ಹಳೆಯ ಹರಳು ಕೊಂಡಿದ್ದೆ, ಮಾರಿದವರ ಹೆಸರು ಬೇಡ. ಜುಲೈ ತಿಂಗಳಲ್ಲಿ ಪೀಕುಗಳು ದಿನದಿನಕ್ಕೆ ಅಗಲವಾಗತೊಡಗಿದವು. ಮೂರು ವಾರ ಎಮ್‌ಸಿಎಯನ್ನು ಬೈದೆ, ಸಾಫ್ಟ್‌ವೇರ್ ಬದಲಿಸಿದೆ, ವೈರು ಬದಲಿಸಿದೆ. ಕೊನೆಗೆ ಕೊಳವೆ ಬಿಚ್ಚಿ ಟಾರ್ಚು ಹಾಕಿ ನೋಡಿದರೆ ಹರಳಿನ ಅಂಚು ಹಳೆಯ ಪುಸ್ತಕದ ಹಾಳೆಯಂತೆ ಹಳದಿಯಾಗಿತ್ತು. ಅಂದಿನಿಂದ ಮಳೆಗಾಲದಲ್ಲಿ ನನ್ನ ಡಿಟೆಕ್ಟರು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಅಕ್ಕಿ ಡಬ್ಬದಲ್ಲಿ ವಾಸ. ಅಕ್ಕಿ ಎಲ್ಲಿ ಎಂದು ಹೆಂಡತಿ ಕೇಳುತ್ತಾಳೆ. ಎಸಿ ಕೋಣೆಯಿಂದ ನೇರ ಬಾಲ್ಕನಿಗೆ ಒಯ್ದರೂ ಅಪಾಯ. ಕನ್ನಡಕದ ಮೇಲೆ ಮಂಜು ಕೂತಂತೆ ಪಿನ್ನುಗಳ ಮೇಲೂ ಕೂರುತ್ತದೆ, ಒಳಗೆ ಸಾವಿರ ವೋಲ್ಟ್ ಇರುತ್ತದೆ.

ಮೇ ತಿಂಗಳಲ್ಲಿ ಉಳ್ಳಾಲದಿಂದ ಭಾವ ಬಂದಿದ್ದರು. ಯಕ್ಷಗಾನ ಮೇಳದ ಆಟಗಳಿಗೆ ಅವರ ತಂದೆ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುತ್ತಿದ್ದವರು. ಮಾತಿನ ನಡುವೆ ಚೀಲದಿಂದ ಎರಡು ಮ್ಯಾಂಟಲ್ ಪೊಟ್ಟಣ ತೆಗೆದರು. "ಒಂದು ಅಪ್ಪನ ಕಾಲದ್ದು, ಇನ್ನೊಂದು ನಾನೇ ಅಂಗಡಿಯಿಂದ ತಂದದ್ದು. ಅವನೂ ಹಳೇ ಸ್ಟಾಕ್ ಅಂತ ಹೇಳಿಯೇ ಕೊಟ್ಟ. ಯಾವುದು ಯಾವುದು ಅಂತ ನಿಮ್ಮ ಡಬ್ಬಿ ಹೇಳ್ತದಾ ನೋಡುವ."

ಇಂಥ ಸವಾಲಿಗೆ ನಾನು ಊಟ ಬಿಟ್ಟು ಕೂರುವವನು. ಮ್ಯಾಂಟಲ್ ಉರಿದು ಉಳಿಯುವ ಆ ಬಿಳಿ ಬಲೆ ಬಹುಪಾಲು ಥೋರಿಯಂ ಆಕ್ಸೈಡ್. ಮ್ಯಾಂಟಲ್ ತಯಾರಿಕೆಗೆ ಬೇಕಾದ ಥೋರಿಯಂ ನೈಟ್ರೇಟ್ ಮಾಡುವ ಕಾರ್ಖಾನೆ 1955ರಲ್ಲಿ ಶುರುವಾದದ್ದು ಇದೇ ಟ್ರಾಂಬೆಯಲ್ಲಿ. ಕರಾವಳಿಯ ಬಯಲಿನಲ್ಲಿ ಬೆಳಗಿನ ಜಾವದ ತನಕ ರಾಕ್ಷಸ ವೇಷದ ಮೇಲೆ ಬಿದ್ದ ಬೆಳಕಿಗೂ ನಮ್ಮ ಚೆಂಬೂರಿನ ಪಕ್ಕದ ಹಳ್ಳಿಗೂ ಹೀಗೊಂದು ನಂಟು. ಥೋರಿಯಂ ಅನ್ನು ಅದಿರಿನಿಂದ ಬೇರ್ಪಡಿಸಿದಾಗ ಅದರ ಮಗಳು ರೇಡಿಯಂ-228 ಹಿಂದೆ ಉಳಿಯುತ್ತದೆ. ಮೊಮ್ಮಗಳು ಆಕ್ಟಿನಿಯಂ-228 ಕೂಡ. ಆದರೆ ವಂಶದಲ್ಲಿ ಇನ್ನೂ ಕೆಳಗಿರುವ ಥೋರಿಯಂ-228, ಹೆಸರೇ ಥೋರಿಯಂ ಆದ್ದರಿಂದ, ಮುತ್ತಜ್ಜಿಯ ಜೊತೆಗೇ ಬಂದುಬಿಡುತ್ತದೆ. ಹಾಗಾಗಿ ಹೊಸ ಮ್ಯಾಂಟಲ್‌ನಲ್ಲಿ 239, 583, 2615ರ ಪೀಕುಗಳು ಎದ್ದು ನಿಂತಿರುತ್ತವೆ, ಆಕ್ಟಿನಿಯಂನ 911 ಮಾತ್ರ ಕುಳ್ಳಾಗಿರುತ್ತದೆ. ರೇಡಿಯಂ-228ರ ಅರ್ಧಾಯುಷ್ಯ ಆರು ವರ್ಷಕ್ಕೆ ತುಸು ಕಡಿಮೆ; ಅದು ಮತ್ತೆ ಬೆಳೆದುಕೊಂಡಂತೆ 911 ಎತ್ತರವಾಗುತ್ತದೆ. ಇಪ್ಪತ್ತು ವರ್ಷ ದಾಟಿದರೆ ಕುಟುಂಬ ಹೆಚ್ಚುಕಡಿಮೆ ಪೂರ್ತಿ.

ಎರಡು ಪೊಟ್ಟಣಕ್ಕೂ ಒಂದೊಂದು ಗಂಟೆ ಕೊಟ್ಟೆ. ಮಾಸಿದ ಪೊಟ್ಟಣದಲ್ಲಿ 911 ಮತ್ತು 969 ಬೆರೆತ ಗೂನು ಸರಿಯಾಗಿ ಎದ್ದಿತ್ತು. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಬರೀ ಒಂದು ಉಬ್ಬು. "ಇದು ನಿಮ್ಮ ಅಪ್ಪಂದು. ಆ ಇನ್ನೊಂದು ಹಳೇ ಸ್ಟಾಕ್ ಅಲ್ಲ ಭಾವ, ಮೋಸ ಹೋದಿರಿ," ಎಂದೆ. ಭಾವ ಸ್ವಲ್ಪ ಹೊತ್ತು ಪರದೆ ನೋಡಿದರು. "ಅಲ್ಲ ಮಾರಾಯ್ರೆ, ಹಾಗಾದ್ರೆ ಅಪ್ಪ ಇದನ್ನು ಬಾಯಲ್ಲಿ ಕಚ್ಚಿ ದಾರ ಕಟ್ಟುತ್ತಿದ್ದದ್ದು?" ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಅವರ ಊರಿನ ಕಡಲತೀರದ ಮರಳಿನಲ್ಲೇ ಥೋರಿಯಂ ಇದೆಯೆಂದು, ಮಂಗಳೂರು ವಿಶ್ವವಿದ್ಯಾಲಯದವರು 1993ರಲ್ಲೇ ಅದನ್ನು ಅಳೆದು ಬರೆದಿದ್ದಾರೆಂದು ಹೇಳಿ ಮಾತು ತಿರುಗಿಸಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಮುಂಬಯಿಯ ನೆಲ ಇದಕ್ಕೆ ತದ್ವಿರುದ್ಧ. ನಾವಿರುವುದು ದಖ್ಖನಿನ ಕಪ್ಪು ಬಸಾಲ್ಟಿನ ಮೇಲೆ. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಮೂರರಲ್ಲೂ ಬಡ ಕಲ್ಲು. ಲೋಕಲ್ ಟ್ರೇನಿನ ಹಳಿಗೆ ಹಾಸಿದ ಜಲ್ಲಿಗಿಂತ ನಮ್ಮ ಅಡುಗೆಮನೆಯ ಕಟ್ಟೆಗೆ ಹಾಕಿಸಿದ ಇಳಕಲ್ಲಿನ ಕೆಂಪು ಗ್ರಾನೈಟು ಹೆಚ್ಚು ಮಾತಾಡುತ್ತದೆ.

ಮಾತಾಡದ್ದನ್ನೂ ಹೇಳಿಬಿಡುತ್ತೇನೆ. ಗಾಡಿಗಳಿಗೆ ದೇವರ ಹೆಸರು, ಮಕ್ಕಳ ಹೆಸರು ಕತ್ತರಿಸಿ ಅಂಟಿಸುವ 'ರೇಡಿಯಂ' ಅಂಗಡಿಗಳಿವೆಯಲ್ಲ, ಅಲ್ಲಿ ಒಂದು ಹಾಳೆ ಕೊಂಡು ರಾತ್ರಿಯಿಡೀ ಇಟ್ಟು ನೋಡಿದೆ. ಏನೇನೂ ಇಲ್ಲ. ಅದು ಬೆಳಕನ್ನು ತಿರುಗಿಸಿ ಕಳಿಸುವ ಪ್ಲಾಸ್ಟಿಕ್ಕು, ರೇಡಿಯಂ ಹೆಸರಿಗೆ ಮಾತ್ರ. ನಿಜವಾದ ರೇಡಿಯಂ ಸಿಕ್ಕಿದ್ದು ಚೋರ್ ಬಜಾರಿನಲ್ಲಿ, ಮುಳ್ಳು ಕಂದಾದ ಒಂದು ಅಲಾರಂ ಗಡಿಯಾರದಲ್ಲಿ. ಜೇಬಿನ ಡಬ್ಬಿ ನಿಂತಲ್ಲೇ 186, 295, 352, 609 ಎಂದು ಸಾಲಾಗಿ ತೋರಿಸಿತು. ಕತ್ತಲಲ್ಲಿ ಈಗ ಹೊಳೆಯುವುದಿಲ್ಲ, ಬಣ್ಣ ಸತ್ತಿದೆ. ರೇಡಿಯಂ ಸತ್ತಿಲ್ಲ, ಅದಕ್ಕೆ 1600 ವರ್ಷದ ಅರ್ಧಾಯುಷ್ಯ. ಗಾಜು ಒಡೆದಿತ್ತು. ಚೌಕಾಸಿ ಮಾಡದೆ ಕೈ ತೊಳೆದುಕೊಂಡು ಬಂದೆ.

ಇದನ್ನು ಬರೆಯುವ ಹೊತ್ತಿಗೆ ಹೊರಗೆ ನಾಲ್ಕನೇ ದಿನದ ಮಳೆ, ಈ ಸಲ ನಿಜವಾದ ಮುಂಗಾರು. ನಿನ್ನೆ ಸಂಜೆ ಅಭ್ಯಾಸಬಲದಿಂದ ಮತ್ತೆ ಸೀಟು ಒರೆಸಿ ತಂದೆ. ಅಷ್ಟೇ ಕಾಗದ, ಅಷ್ಟೇ ಓಟ, ಅದೇ ಹತ್ತು ನಿಮಿಷ. 609ರಲ್ಲಿ ಕೆದಕಿ ನೋಡಿದರೆ ಕಾಣುವಷ್ಟು ಒಂದು ಉಬ್ಬು, ಅಷ್ಟೇ. ಸಮುದ್ರದ ಮೈಯಿಂದ ಹೊರಬರುವ ರೇಡಾನ್ ನೆಲದ್ದಕ್ಕೆ ಹೋಲಿಸಿದರೆ ನೂರರಲ್ಲೊಂದು ಪಾಲಿನಷ್ಟು. ಸಾವಿರಾರು ಮೈಲಿ ನೀರಿನ ಮೇಲೆ ತೇಲಿ ಬಂದ ಗಾಳಿಯ ಕೈಯಲ್ಲಿ ಕೊಡುವುದಕ್ಕೆ ಬೇರೇನಿರುತ್ತದೆ? ಕೆಳಗಿಳಿದಾಗ ವಾಚ್‌ಮನ್, ಎರಡು ವರ್ಷ ಸುಮ್ಮನಿದ್ದವನು, ಕೇಳಿಯೇಬಿಟ್ಟ: "ಕುಛ್ ಮಿಲಾ, ಸಾಬ್?"

"ನಹೀಂ," ಎಂದೆ. "ಸಮಂದರ್ ಕಾ ಪಾನೀ ಹೈ."