ಗೊರಕೆಯೆಂದು ಕೇಳಿಸಿದ ನರಳಾಟ

ಓದುವ ಹವ್ಯಾಸವುಳ್ಳ ಕ್ರೈಸ್ತ ಮನೆಗಳಿಂದ ಗುರುಗಳಾದ ನಮಗೆ ಆಗಾಗ ಬರುವ ಪ್ರಶ್ನೆಯೊಂದುಂಟು: “ಸ್ವಾಮಿ, ದೇವರನ್ನೇ ಪ್ರಶ್ನಿಸುವ ಇಂಥ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದೇ?” ಕೇಳುವವರ ಆತಂಕ ಪ್ರಾಮಾಣಿಕವಾದುದು. ಪುಸ್ತಕ ಬರೆದವರು ನಮ್ಮವರೇ ಆಗಿದ್ದರೆ ಅದರ ಜೊತೆಗೆ ಇನ್ನೊಂದು ಆತಂಕವೂ ಸೇರಿಕೊಳ್ಳುತ್ತದೆ. ಹೊರಗಿನವರು ಇದನ್ನು ಓದಿ ನಮ್ಮ ಬಗ್ಗೆ ಏನೆಂದುಕೊಂಡಾರು?

ಈ ಎರಡನೆಯ ಆತಂಕವನ್ನು ಹಗುರವಾಗಿ ಕಾಣಬಾರದು. ಬಹುಸಂಖ್ಯಾತ ಸಮಾಜದಲ್ಲಿ ಹುಟ್ಟಿದ ಲೇಖಕನು ತನ್ನ ದೇವರೊಡನೆ ಜಗಳವಾಡಿದರೆ ಅದು ಅವನ ಮನೆಯ ಮಾತಾಗಿ ಉಳಿಯುತ್ತದೆ. ಅಲ್ಪಸಂಖ್ಯಾತ ಲೇಖಕನು ಅದೇ ಜಗಳವಾಡಿದರೆ, ಅದು ಇಡೀ ಸಮುದಾಯದ ವಿರುದ್ಧ ಕೊಟ್ಟ ಸಾಕ್ಷ್ಯವಾಗಿಬಿಡುತ್ತದೆ. ಆದ್ದರಿಂದ ಅಂಥ ಲೇಖಕನಿಗೆ ಇಬ್ಬರು ಓದುಗರಿರುತ್ತಾರೆ: ‘ನೀನು ಮನೆಯ ಗುಟ್ಟು ರಟ್ಟು ಮಾಡಿದೆ’ ಎನ್ನುವ ಒಳಗಿನವನು, ‘ಅವರಲ್ಲಿ ಹೀಗಂತೆ’ ಎಂದು ತೃಪ್ತಿಪಡುವ ಹೊರಗಿನವನು. ಇಬ್ಬರ ನಡುವೆ ನಿಂತು ದೇವರ ಮುಖ ನೋಡಿ ಮಾತನಾಡುವುದು ಸುಲಭವಲ್ಲ. ಹಾಗೆ ಮಾತನಾಡಿದ ಎರಡು ಕಾದಂಬರಿಗಳನ್ನು ಇಲ್ಲಿ ಓದಲು ಯತ್ನಿಸಿದ್ದೇನೆ. ಒಂದು ಜಪಾನಿನ ಕಥೋಲಿಕ ಲೇಖಕ ಶುಸಾಕು ಎಂಡೊ 1966ರಲ್ಲಿ ಪ್ರಕಟಿಸಿದ ‘ಮೌನ’. 1969ರಲ್ಲಿ ಯೇಸುಸಭೆಯ ಗುರು ವಿಲಿಯಂ ಜಾನ್‌ಸ್ಟನ್ ಅದನ್ನು ‘ಸೈಲೆನ್ಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಇನ್ನೊಂದು ನಮ್ಮ ನೆರೆಯ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’.

ಎಂಡೊ (1923–1996) ಹುಟ್ಟುಕ್ರೈಸ್ತರಲ್ಲ. ತಂದೆತಾಯಿ ಬೇರೆಯಾದ ಮೇಲೆ ತಾಯಿ ಕಥೋಲಿಕರಾದರು. ಆಕೆಯ ಒತ್ತಾಸೆಯಿಂದ ಬಾಲಕನಿಗೂ ದೀಕ್ಷಾಸ್ನಾನವಾಯಿತು. ನೂರಕ್ಕೆ ಒಬ್ಬರೂ ಕಥೋಲಿಕರಿಲ್ಲದ ನಾಡದು. ತಾಯಿ ತೊಡಿಸಿದ ಈ ವಿಶ್ವಾಸವು ತನ್ನ ಮೈಗೆ ಸರಿಹೊಂದದ ಪರದೇಶದ ಉಡುಪಿನಂತಿತ್ತೆಂದೂ, ಕಳಚಿ ಎಸೆಯಲು ಮಾತ್ರ ತನ್ನಿಂದಾಗಲಿಲ್ಲವೆಂದೂ ಅವರು ಹಲವು ಕಡೆ ಹೇಳಿಕೊಂಡಿದ್ದಾರೆ. ಕ್ಷಯರೋಗದಿಂದ ದೀರ್ಘಕಾಲ ಆಸ್ಪತ್ರೆಯಲ್ಲಿದ್ದು ಬದುಕಿಬಂದ ಅವರು ನಾಗಸಾಕಿಯಲ್ಲಿ ಒಂದು ‘ಫುಮಿಯೆ’ಯನ್ನು ಕಂಡರು. ಮರದ ಚೌಕಟ್ಟಿನಲ್ಲಿ ಕೂರಿಸಿದ, ಯೇಸುವಿನ ಅಥವಾ ಮರಿಯಮ್ಮನವರ ಲೋಹದ ಚಿತ್ರಫಲಕಕ್ಕೆ ಈ ಹೆಸರು. 1614ರಲ್ಲಿ ಕ್ರೈಸ್ತ ಧರ್ಮವನ್ನು ನಾಡಿನಾದ್ಯಂತ ನಿಷೇಧಿಸಿದ ಅಧಿಕಾರಿಗಳು ಸಂದೇಹವಿದ್ದವರಿಂದ ಇಂಥ ಚಿತ್ರವನ್ನು ತುಳಿಸುತ್ತಿದ್ದರು. ತುಳಿದರೆ ಬಿಡುಗಡೆ, ತುಳಿಯದಿದ್ದರೆ ಚಿತ್ರಹಿಂಸೆ. ಆ ಚೌಕಟ್ಟಿನ ಮೇಲೆ ಉಳಿದಿದ್ದ ಕಾಲ್ಬೆರಳುಗಳ ಕಪ್ಪು ಗುರುತು ಎಂಡೊ ಅವರನ್ನು ಬಿಡಲಿಲ್ಲ. ತುಳಿಯದೆ ಸತ್ತವರ ಹೆಸರು ಧರ್ಮಸಭೆಯ ರಕ್ತಸಾಕ್ಷಿಗಳ ಪಟ್ಟಿಯಲ್ಲಿದೆ. ಆ ಕಾಲ್ಬೆರಳುಗಳು ಯಾರವು?

ಕಾದಂಬರಿಯ ಕಥೆ ಇಷ್ಟು. ಫೆರೇರ ಎಂಬ ಹಿರಿಯ ಯೇಸುಸಭೆಯ ಗುರು 1633ರಲ್ಲಿ ಚಿತ್ರಹಿಂಸೆಗೆ ಸೋತು ಧರ್ಮತ್ಯಾಗ ಮಾಡಿದರೆಂಬ ಸುದ್ದಿ ಯೂರೋಪನ್ನು ಮುಟ್ಟುತ್ತದೆ. ಇದು ಇತಿಹಾಸ. ಅವರ ಶಿಷ್ಯ ರೊಡ್ರಿಗಸ್ ನಿಜವನ್ನರಿಯಲು ಸಂಗಡಿಗ ಗುರುವೊಬ್ಬನೊಡನೆ ಗುಟ್ಟಾಗಿ ಜಪಾನಿಗೆ ಬರುತ್ತಾನೆ. ದಾರಿ ತೋರಿಸುವವನು ಕಿಚಿಜಿರೊ ಎಂಬ ಕುಡುಕ, ಹೇಡಿ. ತನ್ನ ಮನೆಯವರೆಲ್ಲ ರಕ್ತಸಾಕ್ಷಿಗಳಾದಾಗ ತಾನೊಬ್ಬನೇ ತುಳಿದು ಉಳಿದವನು. ಮುಂದೆ ಬೆಳ್ಳಿ ನಾಣ್ಯಕ್ಕಾಗಿ ಗುರುವನ್ನು ಹಿಡಿದುಕೊಡುವವನೂ ಅವನೇ. ಮೊಕಿಚಿ, ಇಚಿಜೊ ಎಂಬ ಇಬ್ಬರು ಹಳ್ಳಿಗರನ್ನು ಸಮುದ್ರದಲ್ಲಿ ನೆಟ್ಟ ಕಂಬಗಳಿಗೆ ಕಟ್ಟುತ್ತಾರೆ. ಭರತ ಏರಿ ಇಳಿದು ಅವರು ನಿಧಾನವಾಗಿ ಸಾಯುತ್ತಾರೆ. ಅಡಗಿ ಕುಳಿತು ನೋಡಿದ ರೊಡ್ರಿಗಸ್‌ಗೆ ಆಘಾತವಾಗುವುದು ಸಾವಿನಿಂದಲ್ಲ. ಅಷ್ಟಾದ ಮೇಲೂ ಸಮುದ್ರವು ಹಿಂದಿನಂತೆಯೇ ಇದೆ. ಮುಂದೆ ಸೆರೆಮನೆಯ ಅಂಗಳದಲ್ಲಿ ಒಬ್ಬನ ತಲೆ ಕಡಿದಾಗಲೂ ಅಷ್ಟೇ; ಜೀರುಂಡೆ ಕೂಗುತ್ತಲೇ ಇರುತ್ತದೆ, ನೊಣ ಹಾರುತ್ತಲೇ ಇರುತ್ತದೆ. ಇಂಥ ಹೊತ್ತಿನಲ್ಲಿ ನೀನೇಕೆ ಮಾತನಾಡುವುದಿಲ್ಲವೆಂದು ಗುರುವು ದೇವರನ್ನು ಕೇಳುತ್ತಾನೆ.

ಗುರುಶಿಕ್ಷಣದ ಕಾಲದಲ್ಲಿ ಈ ಪ್ರಶ್ನೆಗೆ ನಾವು ಉತ್ತರ ಕಲಿತದ್ದುಂಟು. ಕೇಡೆಂಬುದು ಒಳಿತಿನ ಕೊರತೆಯೆಂದು ಸಂತ ಅಗುಸ್ತೀನರು ಹೇಳಿದ್ದನ್ನು ಬರೆದು ಅಂಕವನ್ನೂ ಪಡೆದಿದ್ದೇವೆ. ಉತ್ತರ ಸರಿಯಾದುದೇ. ಮಗುವಿನ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಅದನ್ನು ಹೇಳಿದ ಗುರುವನ್ನು ಮಾತ್ರ ನಾನು ಕಂಡಿಲ್ಲ.

ಎಂಡೊ ಉತ್ತರ ಕೊಡಲು ಹೋಗುವುದಿಲ್ಲ. ಅವರು ನಮ್ಮನ್ನು ಒಂದು ರಾತ್ರಿಯ ಸೆರೆಕೋಣೆಗೆ ಕರೆದೊಯ್ಯುತ್ತಾರೆ. ಇಡೀ ಕಾದಂಬರಿಯ ತಿರುಳು ನನ್ನ ಮಟ್ಟಿಗೆ ಅಲ್ಲಿದೆ. ಕತ್ತಲಲ್ಲಿ ಕುಳಿತ ರೊಡ್ರಿಗಸ್‌ಗೆ ಹೊರಗಿನಿಂದ ಗೊರಕೆಯ ಸದ್ದು ಕೇಳಿಸುತ್ತದೆ. ಕಾವಲುಗಾರ ಕುಡಿದು ಮಲಗಿರಬೇಕೆಂದುಕೊಂಡು ಅವನಿಗೆ ಮೊದಲು ನಗು, ಆಮೇಲೆ ಸಿಟ್ಟು. ತಾನು ಕ್ರಿಸ್ತನ ಯಾತನೆಯಲ್ಲಿ ಪಾಲುಗೊಳ್ಳುವ ಈ ಪವಿತ್ರ ರಾತ್ರಿಯಲ್ಲಿ ಇಂಥ ಅಸಹ್ಯ ಸದ್ದೇ ಎಂದು ಗೋಡೆ ಬಡಿಯುತ್ತಾನೆ. ಆಗ ಫೆರೇರ ಬಂದು ನಿಜ ಹೇಳುತ್ತಾನೆ. ಅದು ಗೊರಕೆಯಲ್ಲ, ಗುಂಡಿಯಲ್ಲಿ ತಲೆಕೆಳಗಾಗಿ ತೂಗುಹಾಕಿದ ಕ್ರೈಸ್ತರ ನರಳಾಟ. ಅವರು ಈಗಾಗಲೇ ಧರ್ಮತ್ಯಾಗ ಮಾಡಿದ್ದಾರೆ. ಆದರೂ ಗುರುವು ತುಳಿಯುವ ತನಕ ಅವರಿಗೆ ಬಿಡುಗಡೆಯಿಲ್ಲ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ಇನ್ನೂರು ಪುಟಗಳುದ್ದಕ್ಕೂ ದೇವರು ಮಾತನಾಡುವುದಿಲ್ಲವೆಂದು ದೂರಿದ ಭಕ್ತನು, ಪಕ್ಕದಲ್ಲೇ ನರಳುತ್ತಿದ್ದವರ ದನಿಯನ್ನು ಗೊರಕೆಯೆಂದು ಕೇಳಿಸಿಕೊಂಡಿದ್ದಾನೆ. ಅವನು ದುಷ್ಟನಲ್ಲ, ಪ್ರಾಣವನ್ನೇ ಪಣಕ್ಕಿಟ್ಟು ಬಂದವನು. ತನ್ನದೇ ರಕ್ತಸಾಕ್ಷ್ಯದ ಚಿತ್ರ ಕಣ್ಣಿಗೆ ಕಟ್ಟಿದ್ದರಿಂದ ಅವನ ಕಿವಿ ಮಂದವಾಗಿತ್ತು. ಎಂಡೊ ದೇವರ ಮೇಲೆ ಹೊರಿಸಿದ ಆಪಾದನೆಯನ್ನು ನಿಧಾನವಾಗಿ ತಿರುಗಿಸಿ ಗುರುವಿನ ಮುಂದೆ ತಂದಿಟ್ಟಿದ್ದಾರೆ. ಗುರುವಾದ ನನಗೆ ಈ ಪುಟ ಓದುವುದು ಇಂದಿಗೂ ಕಷ್ಟ.

ರೊಡ್ರಿಗಸ್ ತುಳಿಯುತ್ತಾನೆ. ಕಾಲೆತ್ತಿದ ಆ ಗಳಿಗೆಯಲ್ಲಿ ಸವೆದ ಚಿತ್ರದೊಳಗಿನ ಕ್ರಿಸ್ತನೇ ತುಳಿಯೆಂದು ಹೇಳುತ್ತಾನೆ. ನಿಮ್ಮ ಕಾಲಿನ ನೋವನ್ನು ಹಂಚಿಕೊಳ್ಳಲೆಂದೇ ಬಂದವನು ತಾನು ಎನ್ನುತ್ತಾನೆ. ದೂರದಲ್ಲಿ ಕೋಳಿ ಕೂಗುತ್ತದೆ. ಪೇತ್ರನನ್ನು ಬಲ್ಲ ನಮಗೆ ಆ ಕೋಳಿಯ ಅರ್ಥ ಹೇಳಬೇಕಿಲ್ಲ.

ಇಲ್ಲಿ ನನಗೆ ಎಂಡೊ ಅವರೊಡನೆ ಪೂರ್ಣ ಸಹಮತವಿಲ್ಲ. ಹಿಂಸಕನು ಯಾವುದನ್ನು ಮಾಡಿಸಲು ಒತ್ತಾಯಿಸುತ್ತಿದ್ದಾನೋ ಅದನ್ನೇ ಕ್ರಿಸ್ತನ ಬಾಯಲ್ಲೂ ಹೇಳಿಸಿದರೆ, ಹಿಂಸಕನಿಗೆ ದೈವಿಕ ಅನುಮತಿ ಸಿಕ್ಕಂತಾಗುವುದಿಲ್ಲವೇ? ಅದು ನಿಜಕ್ಕೂ ಕ್ರಿಸ್ತನ ದನಿಯೋ, ದಣಿದ ಮನಸ್ಸಿನ ದನಿಯೋ ಎಂಬುದನ್ನು ಕಾದಂಬರಿ ಬಿಡಿಸಿ ಹೇಳುವುದಿಲ್ಲ. ತಾಯಿಯಂತೆ ಕ್ಷಮಿಸುವ ಅವರ ಕ್ರಿಸ್ತನಲ್ಲಿ ನ್ಯಾಯತೀರ್ಪಿನ ಕ್ರಿಸ್ತನು ಮಸುಕಾಗುತ್ತಾನೆ. ಪುಸ್ತಕ ಬಂದಾಗ ಜಪಾನಿನ ಕಥೋಲಿಕರಲ್ಲೇ ಹಲವರು ಆಕ್ಷೇಪಿಸಿದರು. ತಮ್ಮ ಪೂರ್ವಜರು ತುಳಿಯದೆ ಪ್ರಾಣ ಕೊಟ್ಟಿದ್ದಾರೆ, ಅವರಿಗೇನು ಹೇಳುತ್ತೀರಿ ಎಂಬ ಅವರ ಪ್ರಶ್ನೆ ನ್ಯಾಯವಾದುದೇ.

ಆದರೆ ಇತಿಹಾಸದ ಇನ್ನೊಂದು ಪುಟವನ್ನೂ ತಿರುವಬೇಕು. 1865ರ ಮಾರ್ಚ್ 17ರಂದು ನಾಗಸಾಕಿಯ ಹೊಸ ಔರಾ ದೇವಾಲಯಕ್ಕೆ ಹಳ್ಳಿಗರ ಗುಂಪೊಂದು ಬಂದು, ತಾವೂ ಕ್ರೈಸ್ತರೆಂದು ಫ್ರೆಂಚ್ ಗುರು ಪೆತಿಜಾನರ ಬಳಿ ಗುಟ್ಟಾಗಿ ತಿಳಿಸಿತು. ಅವರು ಮೊದಲು ಕೇಳಿದ್ದು ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು. ಎರಡು ಶತಮಾನಕ್ಕೂ ಹೆಚ್ಚು ಕಾಲ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ ವಿಶ್ವಾಸವನ್ನು ಕಾಪಾಡಿಕೊಂಡು ಬಂದ ಮನೆತನಗಳವು. ಅವರ ಅಜ್ಜ ಮುತ್ತಜ್ಜಂದಿರು ಅಧಿಕಾರಿಗಳ ಮುಂದೆ ಚಿತ್ರವನ್ನು ತುಳಿದು, ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದವರು. ಆ ಕಪ್ಪು ಗುರುತಿನ ಕಾಲ್ಬೆರಳುಗಳು ಅವರವೂ ಆಗಿದ್ದವು.

ನಮ್ಮ ಕರಾವಳಿಗೂ ಇಂಥ ನೆನಪಿದೆ. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು 1799ರ ನಂತರ ಮರಳಿ ಬಂದ ಕುಟುಂಬಗಳಲ್ಲಿ, ಬಲವಂತಕ್ಕೆ ಮಣಿದು ಧರ್ಮ ಬಿಟ್ಟು ಮತ್ತೆ ಧರ್ಮಸಭೆಗೆ ಸೇರಿದವರೂ ಇದ್ದರು. ಹಬ್ಬದ ಪ್ರಬೋಧನೆಗಳಲ್ಲಿ ಧೀರರ ಕಥೆ ಕೇಳುತ್ತೇವೆ. ಮಣಿದು ಮರಳಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಹಲವರು ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಎಂಬುದಂತೂ ಸಂಭವನೀಯ.

ದೇವರನ್ನು ಪ್ರಶ್ನಿಸುವುದು ಪಾಪವೇ ಎಂದು ಕೇಳುವವರಿಗೆ ನಾನು ಧರ್ಮಸಭೆಯ ಪ್ರಾರ್ಥನಾ ಪುಸ್ತಕವನ್ನೇ ತೋರಿಸುತ್ತೇನೆ. 88ನೆಯ ಕೀರ್ತನೆಯು ಕೊನೆಯಲ್ಲಿ ಯಾವ ಸಮಾಧಾನವನ್ನೂ ಹೇಳದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಧರ್ಮಸಭೆ ಮರೆಮಾಡಿಲ್ಲ. ಪ್ರತಿ ಶುಕ್ರವಾರದ ರಾತ್ರಿ ಪ್ರಾರ್ಥನೆಯಲ್ಲಿ ಅದನ್ನಿಟ್ಟಿದೆ. ಯೋಬನ ಗ್ರಂಥದಲ್ಲಿಯೂ ದೇವರ ಕೋಪಕ್ಕೆ ಗುರಿಯಾಗುವವರು ದೇವರ ಪರವಾಗಿ ವಾದಿಸಿದ ಗೆಳೆಯರೇ ಹೊರತು ದೇವರೊಡನೆ ವಾದಿಸಿದ ಯೋಬನಲ್ಲ.

ಆ ಗೆಳೆಯರ ನೆನಪಿನೊಡನೆಯೇ ಜಪಾನಿನ ಕಡಲಿನಿಂದ ಚಂದ್ರಗಿರಿ ಹೊಳೆಗೆ ಬರೋಣ. ಸಾರಾ ಅಬೂಬಕ್ಕರ್ (1936–2023) ಕಾಸರಗೋಡಿನ ಮುಸ್ಲಿಮ್ ಮನೆತನದಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತು, ಮಂಗಳೂರಿನಲ್ಲಿ ನೆಲೆಸಿದವರು. ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾ ಎಂಬ ಎಳೆಯ ಹೆಣ್ಣು ಗಂಡ ರಶೀದನೊಡನೆ ಸುಖವಾಗಿದ್ದವಳು. ತಂದೆ ಮಹಮ್ಮದ್ ಖಾನನ ಹಟಕ್ಕೆ ಸಿಕ್ಕಿ ಆ ಮದುವೆ ತಲಾಖಿನಲ್ಲಿ ಮುರಿಯುತ್ತದೆ. ಮತ್ತೆ ಒಂದಾಗಲು ಇಬ್ಬರಿಗೂ ಮನಸ್ಸಿದೆ. ಆದರೆ ಆಕೆ ಮೊದಲು ಪರಪುರುಷನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನೊಡನೆ ಕಳೆದು, ಅವನಿಂದ ತಲಾಖ್ ಪಡೆಯಬೇಕೆಂದು ಧರ್ಮದ ಹೆಸರಿನಲ್ಲಿ ವಿಧಿಸುತ್ತಾರೆ. ನಾದಿರಾ ಮಸೀದಿಯ ಕೆರೆಯ ನೀರಿಗೆ ಸೇರುತ್ತಾಳೆ.

ಕಾದಂಬರಿ ದೇವರ ಬಗ್ಗೆ ಚರ್ಚೆ ಮಾಡುವುದೇ ಇಲ್ಲ. ಎಲ್ಲರೂ ದೇವರ ಪರವಾಗಿ ಮಾತನಾಡುತ್ತಾರೆ, ಯೋಬನ ಗೆಳೆಯರ ಹಾಗೆ. ನಾದಿರಾಳನ್ನು ಯಾರೂ ಕೇಳುವುದಿಲ್ಲ. ಎಂಡೊ ಕಾದಂಬರಿಯಲ್ಲಿ ಕೊನೆಗಾದರೂ ಒಂದು ದನಿ ಕೇಳಿಸುತ್ತದೆ. ಇಲ್ಲಿ ಅದೂ ಇಲ್ಲ. ಸಾರಾ ಆಕೆಯನ್ನು ಹೊಳೆಗೆ ಕಳುಹಿಸದೆ ಮಸೀದಿಯ ಕೆರೆಗೆ ಕಳುಹಿಸಿದ್ದು ಸುಮ್ಮನೆ ಅಲ್ಲ. ತನ್ನ ದೂರನ್ನು ದೇವರ ಮನೆಯ ಬಾಗಿಲಲ್ಲೇ ಇಟ್ಟು ಹೋಗುವ ಹೆಣ್ಣನ್ನು ನಾಸ್ತಿಕಳೆನ್ನಲಾಗದು. ಕಲೆಯ ದೃಷ್ಟಿಯಿಂದ ಕೊರತೆಗಳುಂಟು. ತಂದೆಯ ಪಾತ್ರದ ಕ್ರೌರ್ಯ ಒಂದೇ ಬಣ್ಣದ್ದು. ಕೆಲವೆಡೆ ಲೇಖಕಿಯ ಸಿಟ್ಟು ಪಾತ್ರಗಳನ್ನು ತಳ್ಳಿಕೊಂಡು ಮುಂದೆ ಬರುತ್ತದೆ. ಎಂಡೊ ಅವರ ತಾಳ್ಮೆ ಇಲ್ಲಿಲ್ಲ. ಆದರೆ ತಾಳ್ಮೆಯಿಂದಿರಲು ಎಂಡೊ ಅವರಿಗೆ ಮುನ್ನೂರು ವರ್ಷಗಳ ಅಂತರವಿತ್ತು; ಸಾರಾ ಅವರಿಗೆ ನಾದಿರಾ ಪಕ್ಕದ ಮನೆಯವಳು.

ಬರೆದದ್ದಕ್ಕಾಗಿ ಅವರು ಸ್ವಸಮುದಾಯದ ವಿರೋಧವನ್ನೂ ಎದುರಿಸಬೇಕಾಯಿತು. ಶಾಬಾನೊ ತೀರ್ಪಿನ (1985) ಆ ವರ್ಷಗಳಲ್ಲಿ ಇಂಥ ಪುಸ್ತಕವನ್ನು ಕೈಗೆತ್ತಿಕೊಂಡು ಒಂದು ಸಮುದಾಯದತ್ತ ಬೆರಳು ತೋರಿಸುವವರಿಗೂ ಕೊರತೆಯಿರಲಿಲ್ಲ. ನಾವು ಕ್ರೈಸ್ತರು ಅವರ ಸಾಲಿನಲ್ಲಿ ನಿಲ್ಲದಿರಲಿ. ವಿವಾಹ ರದ್ದತಿಯ ಅರ್ಜಿ ಹಿಡಿದು ನಮ್ಮದೇ ಧರ್ಮಸಭೆಯ ನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ಕಾದ ಹೆಣ್ಣುಮಕ್ಕಳಿದ್ದಾರೆ. ಪೋಪ್ ಫ್ರಾನ್ಸಿಸರು 2015ರಲ್ಲಿ ಆ ವಿಧಾನವನ್ನು ಸರಳಗೊಳಿಸಿದರೆಂದರೆ, ಕಾದವರ ನರಳಾಟ ಎಲ್ಲೋ ಕೇಳಿಸಿತೆಂದೇ ಅರ್ಥ. ನಾದಿರಾಳ ಕಥೆ ಓದುವಾಗ ಆ ಹೆಣ್ಣುಮಕ್ಕಳೂ ನೆನಪಾದರೆ ಪುಸ್ತಕ ಸರಿಯಾಗಿ ಓದಿಸಿಕೊಂಡಿತೆನ್ನಬಹುದು.

ಇದೇ ದಾರಿಯಲ್ಲಿ ಮುಂದೆ ನಡೆದವರು ಹಾಸನದ ಬಾನು ಮುಷ್ತಾಕ್. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಅವರ ಕಥಾಸಂಕಲನದಲ್ಲಿ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಎಂಬ ಕಥೆಯಿದೆ. ಅದು ಕಾದಂಬರಿಯಲ್ಲ, ಆದರೂ ನೇರವಾಗಿ ದೇವರಿಗೇ ಹೇಳಿದ ಮಾತಾದ್ದರಿಂದ ಇಲ್ಲಿ ನೆನೆಯುತ್ತೇನೆ. ದೇವರು ಇಳಿದು ಬಂದು ಮನುಷ್ಯರ ಪಾಡನ್ನು ತಾನೇ ಅನುಭವಿಸಲಿ ಎಂಬ ಬೇಡಿಕೆ ಕ್ರಿಸ್ತಜಯಂತಿಯನ್ನು ಆಚರಿಸುವ ನಮಗೆ ಅಪರಿಚಿತವಲ್ಲ. ಹಾಗೆಂದು ಅದನ್ನು ನಮ್ಮ ಸಿದ್ಧಾಂತಕ್ಕೆ ಎಳೆದುಕೊಂಡು ಬೀಗುವುದು ಅನ್ಯಾಯ. ಆಕೆಯ ಬೇಡಿಕೆಯಲ್ಲಿ ‘ಹೆಣ್ಣಾಗು’ ಎಂಬ ಮಾತಿದೆ. ಅದಕ್ಕೆ ನಮ್ಮ ಬಳಿಯೂ ಸಿದ್ಧ ಉತ್ತರವಿಲ್ಲ.

ಮಕ್ಕಳಿಗೆ ಕೊಡಬಹುದೇ ಎಂದು ಕೇಳಿದವರಿಗೆ: ಪದವಿ ತರಗತಿ ಮುಟ್ಟಿದವರಿಗೆ ಧಾರಾಳವಾಗಿ ಕೊಡಿ, ನೀವೂ ಓದಿ. ಎಂಡೊ ಕಾದಂಬರಿಯಲ್ಲಿ ರೊಡ್ರಿಗಸ್ ತುಳಿದ ಮೇಲೆ ಮುಖ್ಯಕಥೆ ಬೇಗ ಮುಗಿಯುತ್ತದೆ. ಅನಂತರ ಅಧಿಕಾರಿಯೊಬ್ಬನ ದಿನಚರಿಯ ರೂಪದಲ್ಲಿ ಒಣ ಬರಹದ ಅನುಬಂಧವೊಂದಿದೆ. ಬೇಸರವೆಂದು ಹಲವರು ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಮುಚ್ಚಬೇಡಿ. ಜಪಾನೀ ಹೆಸರು ಹೊತ್ತು ಕಾವಲಿನಲ್ಲಿ ಬದುಕಿದ ಮಾಜಿ ಗುರುವಿನ ಆಳಾಗಿ ಅಲ್ಲಿ ಕಿಚಿಜಿರೊ ಇದ್ದಾನೆ. ಒಂದು ದಿನ ತಪಾಸಣೆಯಲ್ಲಿ ಅವನ ಕೊರಳ ಚೀಲದಿಂದ ಕ್ರೈಸ್ತ ಚಿತ್ರವೊಂದು ಹೊರಬೀಳುತ್ತದೆ. ಒಡೆಯನಿಂದ ಪಡೆದೆಯಾ ಎಂದು ಅಧಿಕಾರಿಗಳು ವಿಚಾರಿಸುತ್ತಾರೆ. ಇಲ್ಲ ಎನ್ನುತ್ತಾನೆ ಕಿಚಿಜಿರೊ.